ಹೊಗೆ ಇಳಿಯುವ ಮನೆ

"ನಮ್ಮನೇಗೆ ಕೇಬಲ್ ಬ್ಯಾಡ ಕಣ್ರೀ," ಎಂದಳು ಮಂಗಳಗೌರಿ, ತಾರಸಿಯ ಮೇಲೆ ಕಂಬಿ ನಿಲ್ಲಿಸುತ್ತಿದ್ದವನನ್ನು ನೋಡಿ.

ಕಾಂತರಾಜು ನಕ್ಕ. "ಟೀವಿದಲ್ಲ ಮೇಡಂ. ಗಾಳಿ ಎತ್ತ ಬೀಸ್ತದೆ ಅಂತ ನೋಡೋ ಮೀಟರು. ನಿಮ್ಮವ್ವ ಒಪ್ಪವ್ರೆ."

ಬಿಳಿಕೆರೆಯಾಚೆಯ ಆ ಊರಿನ ಪಕ್ಕದಲ್ಲಿ ಹೊಸ ಕಾರ್ಖಾನೆಯೊಂದು ಶುರುವಾಗಿತ್ತು. ಅದರ ಚಿಮಣಿಯ ಹೊಗೆ ಎಲ್ಲಿ ಹೋಗಿ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಮೈಸೂರಿನಲ್ಲಿ ಎಂ.ಟೆಕ್ ಓದುತ್ತಿದ್ದ ಕಾಂತರಾಜುವಿನ ಪ್ರಾಜೆಕ್ಟು. ಊರಿನ ಶಾಲೆಯಲ್ಲಿ ಟೀಚರಾಗಿದ್ದ ಮಂಗಳಗೌರಿ ದಿನಾ ಬೆಳಿಗ್ಗೆ ಮೀಟರ್ ನೋಡಿ ಬರೆದಿಡಲು ಒಪ್ಪಿದಳು.

ಅವನು ವಾರವಾರವೂ ಬರತೊಡಗಿದ. ಕಾಫಿ ಲೋಟ ಕೊಡುವಾಗ ಅವಳ ಬೆರಳು ಬೇಕೆಂದೇ ತುಸು ಹೊತ್ತು ಅವನ ಬೆರಳ ಮೇಲೆ ನಿಲ್ಲುತ್ತಿತ್ತು.

"ಗಾಳಿ ನೋಡಕ್ಕೇ ಬತ್ತೀರೋ, ಇನ್ನೇನಾರ ನೋಡಕ್ಕೋ?"

"ಗಾಳಿ ಕಣ್ಣಿಗೆ ಕಾಣಲ್ವಲ್ಲಾ," ಎನ್ನುತ್ತ ಅವನು ಅವಳನ್ನೇ ನೋಡುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಲೆಕ್ಕ ಮುಗಿಯಿತು. ಚಳಿಗಾಲದ ಬೆಳಗುಗಳಲ್ಲಿ ಹೊಗೆ ಮೇಲೇರದೆ, ತಗ್ಗಿನಲ್ಲಿದ್ದ ಅವಳ ಕೇರಿಯ ಮೇಲೇ ಇಳಿದು ಕೂರುತ್ತಿತ್ತು. ಕಂಪ್ಯೂಟರ್ ಪರದೆಯಲ್ಲಿ ಆ ಜಾಗ ಕೆಂಪಗಿತ್ತು. ಕಾಂತರಾಜು ಅದನ್ನು ಮಂಗಳಗೌರಿಗೆ ತೋರಿಸಿದ.

ಚಿಮಣಿ ಎತ್ತರಿಸಿ ಎಂದು ಕಾರ್ಖಾನೆಯವರಲ್ಲಿ ಬೇಡಿಕೊಂಡ. "ಕಂಪ್ಯೂಟರ್ ಹೇಳಿದ್ದೆಲ್ಲ ನಿಜ ಆಗಲ್ಲ ಬಿಡಿ," ಎಂದು ಸಾಗಹಾಕಿದರು.

ಮರುವರ್ಷದ ಚಳಿಗೆ ಅವಳ ಅವ್ವ ಸುಂದ್ರಮ್ಮ ಉಬ್ಬಸದಿಂದ ಹಾಸಿಗೆ ಹಿಡಿದಳು. ಮಂಗಳಗೌರಿಗೂ ಕೆಮ್ಮು ಹತ್ತಿತು.

"ಮದುವೆ ಆಗಾಣ. ಅವ್ವನ್ನೂ ಕರ್ಕೊಂಡು ಮೈಸೂರಿಗೆ ಬಂದ್ಬುಡು," ಎಂದ ಕಾಂತರಾಜು.

"ಅವ್ವ ಈ ಮನೆ ಬುಟ್ಟು ಬರಕಿಲ್ಲ. ಅವ್ವನ್ನ ಬುಟ್ಟು ನಾನು ಬರಕಿಲ್ಲ."

"ಹಂಗಾದ್ರೆ ನಾನೇ ಇಲ್ಲಿಗೆ ಬತ್ತೀನಿ."

ಸೆರಗು ಬಾಯಿಗೊತ್ತಿ ಕೆಮ್ಮಿದಳು. ಕಣ್ಣು ತುಂಬಿಬಂತು.

"ಬ್ಯಾಡ. ನೀವಂದ್ರೆ ನಂಗೆ ಪ್ರಾಣ ಕಣ್ರೀ. ಹೊಗೆ ಎಲ್ಲಿ ಬೀಳ್ತದೆ ಅಂತ ನೀವೇ ತೋರ್ಸಿದ್ರಿ. ಗೊತ್ತಿದ್ದೂ ನಿಮ್ಮನ್ನ ಇದ್ರೊಳಗೆ ಕರೀಲಾ? ನನ್ ಮೇಲೆ ಆಸೆ ಇದ್ರೆ ಪ್ರಮೀಳನ್ನ ಕರ್ಕೊಂಡೋಗಿ ಹಾಸ್ಟೆಲ್ಗೆ ಸೇರ್ಸಿ. ಅವಳ ಎದೆ ಇನ್ನೂ ಚೆನ್ನಾಗೈತೆ."

ಪ್ರಮೀಳಾ ಅವಳ ತಂಗಿ, ಎಂಟನೇ ಕ್ಲಾಸು.

ಎಷ್ಟು ಬೇಡಿಕೊಂಡರೂ ಮಂಗಳಗೌರಿ ಮನಸ್ಸು ಬದಲಿಸಲಿಲ್ಲ. ಕೊನೆಗೆ ಅವನು ಒಪ್ಪಿದ.

ಬಸ್‌ಸ್ಟಾಪಿನಲ್ಲಿ, ಊರವರೆಲ್ಲ ನೋಡುತ್ತಿದ್ದರೂ ಅವಳು ಮೊದಲ ಸಲ ಅವನ ಕೈ ಹಿಡಿದಳು.

"ಇನ್ನು ನೀವು ಇಲ್ಲಿಗೆ ಬರಬ್ಯಾಡಿ," ಎಂದಳು. ಕೈ ಮಾತ್ರ ಬಿಡಲಿಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಬೇಕಾಯಿತು.

ಬಸ್ಸು ಹೈವೇ ಸೇರಿದ ಮೇಲೆ, ಅಳು ನುಂಗಿಕೊಂಡು ಕೂತಿದ್ದ ಪ್ರಮೀಳಾ ಮೆಲ್ಲಗೆ ಕೇಳಿದಳು: "ನಿಮ್ಮನ್ನ ಏನಂತ ಕರೀಲಿ? ಭಾವ ಅನ್ಲಾ?"

ಕಾಂತರಾಜು ಮುಖ ಕಿಟಕಿಗೆ ತಿರುಗಿಸಿದ. ಹಿಂದೆ ಉಳಿದ ಚಿಮಣಿಯ ಹೊಗೆ ಮರೆಯಾಗುವವರೆಗೂ ನೋಡುತ್ತಲೇ ಇದ್ದ.