ಒಳ್ಳೆಯ ಕಾಲಿನ ಸುಳ್ಳು

ಪರದೆ ಸರಿಸಿ ಒಳಗೆ ಬಂದವನನ್ನು ಕಂಡ ಕೂಡಲೇ ಅವಳ ಕೈಯಲ್ಲಿದ್ದ ಟವೆಲ್ಲು ಜಾರಿ ನೆಲಕ್ಕೆ ಬಿತ್ತು.

ಎರಡು ವರ್ಷ... ಎರಡು ವರ್ಷದ ಮೇಲೆ ಬಂದಿದ್ದಾನೆ, ಅದೂ ಟೋಕನ್ ಹಿಡಿದುಕೊಂಡು!

ಮಂಡಿನೋವಿನ ಅಜ್ಜಿಯರು, ಸೊಂಟ ಹಿಡಿದುಕೊಂಡ ಡ್ರೈವರುಗಳು ಬರುವ ಪುಟ್ಟ ಫಿಸಿಯೋಥೆರಪಿ ಕೋಣೆ ಅದು. ಇಲ್ಲಿಗೆ ಬರುವ ಮೊದಲು ಅವಳು ಓಟಗಾರರ ತಂಡದ ಫಿಸಿಯೋ ಆಗಿದ್ದಳು. ಇವನು ಆ ತಂಡದ ಅತಿ ವೇಗದ ಓಟಗಾರ. ಮೈದಾನದವರೆಲ್ಲ ‘ಸುಂಟರಗಾಳಿ’ ಎನ್ನುತ್ತಿದ್ದರು, ಅವಳು ಮಾತ್ರ ಬೇಕೆಂದೇ ‘ಆಮೆ’ ಎನ್ನುತ್ತಿದ್ದಳು. ಇಬ್ಬರ ಮದುವೆಯ ಮಾತುಕತೆಯೂ ಮುಗಿದಿತ್ತು.

ಈಗ ಸುಂಟರಗಾಳಿ ಬಲಗಾಲು ಎಳೆಯುತ್ತ ನಡೆಯುತ್ತಿತ್ತು.

“ಬೋರಲು ಮಲಗಿ,” ಎಂದಳು, ಗುರುತೇ ಇಲ್ಲದವರಿಗೆ ಹೇಳುವಂತೆ. ಅವನಿಗೆ ಚುಚ್ಚಲೆಂದೇ ಹಾಗೆ ಹೇಳಿದ್ದಳು.

ತೊಡೆಯ ಹಿಂಭಾಗಕ್ಕೆ ಬೆರಳಿಟ್ಟಳು. ಹರಿದ ಜಾಗದಲ್ಲಿ ಒಂದು ಗುಳಿ, ಅದರಡಿ ಗಂಟು. ಹರಿದ ಸ್ನಾಯು ಕೂಡಿಕೊಳ್ಳುತ್ತದೆ, ನಿಜ. ಆದರೆ ಅಲ್ಲಿ ಹಿಗ್ಗಿ ಕುಗ್ಗುವ ಮೊದಲಿನ ಎಳೆಗಳ ಬದಲು ಗಟ್ಟಿ ಕಲೆಯೊಂದು ಕೂತುಬಿಡುತ್ತದೆ.

‘ಇದು ನನ್ನ ಕೈಯಾರೆ ಆದದ್ದು...’ ಎಂದುಕೊಂಡಳು.

ಆಯ್ಕೆಯ ಓಟಕ್ಕೆ ಆರು ವಾರ ಮೊದಲು ಬಲತೊಡೆಯ ಆ ಸ್ನಾಯು ಸ್ವಲ್ಪ ಹರಿದಿತ್ತು. ನೊಂದ ಕಾಲಿನ ಶಕ್ತಿ ಒಳ್ಳೆಯ ಕಾಲಿನದಕ್ಕೆ ಸಮನಾದರೆ ಮಾತ್ರ ಓಡಬಹುದು ಎಂಬುದು ತಂಡದ ನಿಯಮ. ಓಟ ಹತ್ತಿರ ಬಂದಾಗ ಅವಳು ಅವನನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ಅಳತೆಯ ಯಂತ್ರ ಒತ್ತಿಹಿಡಿದು, ಮೊದಲು ಬಲಗಾಲು, ಆಮೇಲೆ ಎಡಗಾಲು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆ ಎಂದಳು. ಎರಡೂ ಸಮ ಬಂದವು. ಎಡಗಾಲಿನದು ಮೊದಲಿಗಿಂತ ಯಾಕೋ ಕಡಿಮೆ ಎನಿಸಿತು. ಓಟವಿಲ್ಲದೆ ಎರಡೂ ಕಾಲು ಸೊರಗಿರಬೇಕು ಅಂದುಕೊಂಡು, ಹಳೆಯ ಅಳತೆಗಳನ್ನು ತೆಗೆದೂ ನೋಡದೆ, ಓಡಲು ಅಡ್ಡಿಯಿಲ್ಲ ಎಂದು ಸಹಿ ಹಾಕಿದಳು.

ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಚಾಚಿದಾಗ ಆ ಸ್ನಾಯು ಹಿಗ್ಗುತ್ತಲೇ ಕಾಲನ್ನು ಹಿಡಿದು ತಡೆಯಬೇಕು. ಅಷ್ಟು ಬಲ ಅದಕ್ಕಿರಲಿಲ್ಲ. ಅರ್ಧ ಓಟದಲ್ಲೇ ಅವನು ತೊಡೆ ಹಿಡಿದು ಕುಸಿದ.

ಪ್ರೀತಿಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದ್ದಾಳೆ ಎಂದು ಕೋಚ್ ಎಲ್ಲರೆದುರು ಅಂದರು. ಕೆಲಸ ಹೋಯಿತು. ನೋಡಲು ಹೋದವಳನ್ನು ಅವನ ಅಮ್ಮ ಆಸ್ಪತ್ರೆಯ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ಅವನು? ತುಟಿ ಪಿಟಕ್ಕೆನ್ನಲಿಲ್ಲ, ಅವಳ ಫೋನೂ ಎತ್ತಲಿಲ್ಲ. ತನ್ನನ್ನು ದ್ವೇಷಿಸುತ್ತಾನೆ ಎಂದೇ ಅವಳು ಇಷ್ಟು ದಿನ ನಂಬಿದ್ದಳು.

“ಅವತ್ತು ಎಡಗಾಲನ್ನ ನಾನು ಪೂರ್ತಿ ಎಳೀಲಿಲ್ಲ,” ಎಂದ, ಮುಖವನ್ನು ದಿಂಬಿಗೆ ಒತ್ತಿಕೊಂಡೇ.

ಅವಳ ಬೆರಳು ನಿಂತಿತು.

“ಬಲಗಾಲು ಎಷ್ಟು ಎಳೀತೋ ಅಷ್ಟಕ್ಕೇ ನಿಲ್ಲಿಸಿದೆ, ಸಮ ಬರಲಿ ಅಂತ. ನೀನು ಬೇಡ ಅಂದುಬಿಡ್ತೀಯ ಅಂತ ಭಯ ಆಗಿತ್ತು. ಆಮೇಲೆ... ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಬಾರಿಸಿಬಿಡಬೇಕು ಅನಿಸಿತು.

“ಎರಡು ವರ್ಷದಿಂದ ನನ್ನ ಕೈಯನ್ನ ನಾನೇ ನಂಬ್ತಿಲ್ಲ, ಗೊತ್ತಾ? ಒಂದೊಂದು ಅಜ್ಜಿ ಮಂಡೀನೂ ಮೂರ್ಮೂರು ಸಲ ಅಳೀತೀನಿ. ಹಳೇ ಅಳತೆ ನೋಡದೆ ಇದ್ದದ್ದು ನನ್ನ ತಪ್ಪೇ. ಆದ್ರೆ ಎಲ್ಲಾನೂ ನಾನೊಬ್ಬಳೇ ಹೊರಲಿ ಅಂತ ಬಿಟ್ಟೆಯಲ್ಲ... ಅದು ನಿಂದು.”

ಅವನು ಎದ್ದು ಕುಳಿತು, ಅವಳು ಕೇಳುವ ಮೊದಲೇ ಉಳಿದದ್ದನ್ನೂ ಹೇಳಿದ. ಈಚೆಗೆ ಅವನು ಅದೇ ಮೈದಾನದಲ್ಲಿ ಹೊಸಬರಿಗೆ ಓಟ ಕಲಿಸುತ್ತಿದ್ದ. ಕಳೆದ ವಾರ ಒಬ್ಬ ಹುಡುಗಿ ಕುಂಟುತ್ತಿದ್ದಾಗ ಉಳಿದವರು ಫಿಸಿಯೋಗಳನ್ನು ನಂಬಬೇಡ ಎಂದು ಇವಳು ಹಾಕಿದ ಸಹಿಯ ಕಥೆ ಹೇಳಿ ನಕ್ಕರಂತೆ. ಅವನಿಗೆ ಅನ್ನ ಇಳಿಯಲಿಲ್ಲ. ಇವತ್ತು ಬೆಳಿಗ್ಗೆ ನಡೆದದ್ದನ್ನೆಲ್ಲ ಬರೆದು, ಕೋಚ್ ಮುಂದೆ ಎಲ್ಲರಿಗೂ ಕೇಳುವಂತೆ ಓದಿದನಂತೆ. ಮಧ್ಯಾಹ್ನದ ಹೊತ್ತಿಗೆ ಅವನ ಕೆಲಸವೂ ಹೋಗಿತ್ತು.

ಅವಳು ಗೋಡೆ ಕಡೆ ತಿರುಗಿ ಅತ್ತಳು. ಸಮಾಧಾನಕ್ಕೋ, ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. ಕಳಂಕ ಹೋಗಿತ್ತು, ಸರಿ... ಕಳೆದ ಎರಡು ವರ್ಷವನ್ನು ಯಾರು ತಂದುಕೊಡುತ್ತಾರೆ?

ಅವನು ಚಪ್ಪಲಿ ಮೆಟ್ಟಿಕೊಂಡು, ಪರದೆಯ ಹತ್ತಿರ ನಿಂತ.

“ನನ್ನ ಮೇಲೆ ಪ್ರೀತಿ ಏನಾದ್ರೂ ಉಳಿದಿದೆಯಾ?”

“ಇದೆ,” ಎಂದಳು ಕಣ್ಣೊರೆಸಿಕೊಳ್ಳದೆ. “ಅದೇ ನನ್ನ ಸಿಟ್ಟು.”

“ನಾಳೆ ಬರಲಾ?”

“ಬಾ. ಕಾಲು ತೋರಿಸೋ ನೆಪದಲ್ಲಿ ಬರಬೇಡ.”

“ಮತ್ತೆ ಏನಂತ ಬರಲಿ?”

“ಬೈಸಿಕೊಳ್ಳೋಕೆ ಬಾ. ಒಂದು ದಿನಕ್ಕೆ ಮುಗಿಯಲ್ಲ, ದಿನಾ ಬರಬೇಕಾಗುತ್ತೆ.”