ಮುಚ್ಚಳದೊಳಗಿನ ಕೈ

ಫ್ರೀಜರಿಗೆ ಲಂಗ ಹೊಲಿಸಲು ಬಂದ ಗಂಡಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರ್ಫಿ ಟೌನಿನ ನನ್ನ ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಿರಾಕಿಗಳೆಲ್ಲ ಹೋಗುವವರೆಗೂ ಕಾದು, ಆಮೇಲೆ ಬಾಯಿಬಿಟ್ಟರು.

"ಒಂದು ಕವರ್ ಬೇಕಿತ್ತು ರೀ. ಡೀಪ್ ಫ್ರೀಜರ್‌ಗೆ. ಕೆಳಗಡೆ ಸ್ವಲ್ಪ ಫ್ರಿಲ್ ಇರ್ಲಿ."

"ಫ್ರಿಲ್ ಸಾಕಾ? ಲೇಸೂ ಹಾಕ್ಲಾ?"

ಅವರು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಮದುವೆ ಗಿದುವೆ ನನಗೆ ಬೇಡವೆಂದು ಬೀದಿಗೆಲ್ಲ ಸಾರಿಕೊಂಡಿದ್ದ ನಾನು, ಈ ಆದಿಲಕ್ಷ್ಮಿ, ಆ ಕೆಂಪು ಕಿವಿ ನೋಡಿ ಅಲ್ಲೇ ಸೋತುಹೋದೆ.

ಅಳತೆಯ ನೆಪದಲ್ಲಿ ಕಗ್ಗದಾಸಪುರದ ಅವರ ಮನೆಗೆ ಹೋದೆ. ಹೆಸರು ಮುನಿರಾಜು, ಸ್ಕೂಲ್ ವ್ಯಾನ್ ಓಡಿಸುತ್ತಿದ್ದರು. ತೀರಿಹೋದ ಹೆಂಡತಿ ರೇವತಿ ಶುರುಮಾಡಿದ್ದ ವ್ಯಾಪಾರವನ್ನೂ ಕೈಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ಅವರೆಕಾಳು ನೆನೆಸಿ, ಸಿಪ್ಪೆ ಹಿತುಕಿ, ಬೇಳೆಯನ್ನು ಪ್ಯಾಕೆಟ್ ಕಟ್ಟಿ ಫ್ರೀಜರಿನಲ್ಲಿಟ್ಟರೆ ವರ್ಷವಿಡೀ ಮಾರಬಹುದು. ಅಡುಗೆಮನೆಯ ಅರ್ಧ ಜಾಗವನ್ನು ಆ ಬಿಳಿ ಪೆಟ್ಟಿಗೆಯೇ ನುಂಗಿತ್ತು.

ನಾನು ಟೇಪ್ ಹಿಡಿದು ಬಗ್ಗಿದೆ. ಅದರ ಗುಂಯ್ ಎನ್ನುವ ಸದ್ದು ನಿಂತಿತು. ಎದ್ದು ನಿಂತೆ, ಮತ್ತೆ ಶುರುವಾಯಿತು.

"ಆಗಾಗ ನಿಲ್ಲತ್ತೆ ರೀ, ಒಳಗೆ ಸಾಕಷ್ಟು ಕೋಲ್ಡ್ ಆದ್ರೆ," ಎಂದರು. ಸರಿಯೇ. ಆದರೆ ನಾನು ಬಗ್ಗಿದಾಗಲೇ ಯಾಕೆ?

ಬೇಳೆ ತೋರಿಸಲೆಂದು ಮುಚ್ಚಳ ಎತ್ತಿದರು. ಒಳಗೆಲ್ಲ ಐಸ್ ಕೆರೆದು ಚೊಕ್ಕಟವಾಗಿತ್ತು. ಮುಚ್ಚಳದ ಎಡ ಮೂಲೆಯಲ್ಲಿ ಮಾತ್ರ ಮಂಜು ದಪ್ಪಗೆ ಕೂತಿತ್ತು. ಐದು ಬೆರಳು, ಒಂದು ಅಂಗೈ. ಒಳಗಿನಿಂದ ಯಾರೋ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿರುವಂತೆ ಕಂಡಿತು.

"ಇದನ್ನ ಯಾಕೆ ಬಿಟ್ಟಿದೀರಾ?"

"ಕೆರೆದ್ರೂ ಬರತ್ತೆ. ರೇವತಿ ಅಲ್ಲೇ ಎಡಗೈ ಇಟ್ಟು ಒತ್ತಿ ಮುಚ್ತಿದ್ಲು."

ಅಷ್ಟು ಹೇಳಿ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಮುಚ್ಚಳವನ್ನು ಮೆಲ್ಲಗೆ ಇಳಿಸಿದರು.

ಕವರ್ ಹೊಲಿದು ಕೊಟ್ಟದ್ದಾಯಿತು. ಆಮೇಲೂ ಹೋಗುತ್ತಲೇ ಇದ್ದೆ. ಬೇಳೆ ಸಾರು ಬಡಿಸಿ, ನಾನು ತಿನ್ನುವುದನ್ನೇ ನೋಡುತ್ತಿದ್ದರು. ನಾನು ತಲೆ ಎತ್ತಿದರೆ ಅವರ ಕಣ್ಣು ಫ್ರೀಜರಿನ ಕಡೆ ಹೊರಳುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಅದೂ ಒಂದು ಪೆಟ್ಟಿಗೆಯ ಮೇಲೆ! ಯಾರ ಹತ್ತಿರ ಹೇಳಿಕೊಳ್ಳಲಿ?

ಅವರ ತಾಯಿ ಆಂಜನಮ್ಮನಿಗೆ ನಮ್ಮಿಬ್ಬರ ಮನಸ್ಸು ಗೊತ್ತಾಗದೆ ಇರಲಿಲ್ಲ. ಒಂದು ಮಧ್ಯಾಹ್ನ ಎಲೆ ಅಡಿಕೆ, ಬಳೆ, ರವಿಕೆ ಬಟ್ಟೆ ಇಟ್ಟ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ನಮ್ಮನೇಲಿ ಎರಡ್ನೇ ಸಂಬಂಧ ಅಂದ್ರೆ ಮೊದಲ್ನೇವಳ ಒಪ್ಪಿಗೆ ಕೇಳ್ಬೇಕು ಕಣಮ್ಮ. ಫೋಟೋ ಮುಂದೆ ಇಡೋದು ವಾಡಿಕೆ. ಆದ್ರೆ ಅವ್ಳು ಫೋಟೋಲಿಲ್ಲ, ಅಲ್ಲಿ ಅವ್ಳೆ," ಎಂದು ಫ್ರೀಜರ್ ತೋರಿಸಿದರು.

ಮುನಿರಾಜು ಬಾಗಿಲಿಗೆ ಒರಗಿ ನಿಂತಿದ್ದರು. ನಾನು ತಟ್ಟೆಯನ್ನು ಮುಚ್ಚಳದ ನಡುವೆ ಇಟ್ಟೆ. ಪೆಟ್ಟಿಗೆ ಒಮ್ಮೆ ನಡುಗಿತು. ತಟ್ಟೆ ಮೆಲ್ಲನೆ ಜಾರುತ್ತಾ ಎಡ ಮೂಲೆಗೆ ಹೋಯಿತು, ಅಲ್ಲಿ ಒಂದು ಕ್ಷಣ ನಿಂತು, ಕೆಳಗೆ ಬಿತ್ತು. ಬಳೆಗಳೆಲ್ಲ ಚೂರಾದವು.

"ನೆಲ ಸಮ ಇಲ್ಲ ಅಮ್ಮ..." ಎಂದರು ಮುನಿರಾಜು.

"ಒಪ್ಪಿಲ್ಲ ಅವ್ಳು," ಎಂದರು ಆಂಜನಮ್ಮ. ಮದುವೆಯ ಮಾತು ಅಲ್ಲಿಗೇ ಮುರಿಯಿತು.

ಮನೆಗೆ ಬಂದು ಚೆನ್ನಾಗಿ ಅತ್ತೆ. ಆಮೇಲೆ ಸಿಟ್ಟು ಬಂತು. ಬದುಕಿರುವವಳು ಬೇಡವೆಂದರೆ ಜಗಳವಾಡಬಹುದು, ಐಸಿನ ಜೊತೆ ಏನು ಜಗಳ? ಭಾನುವಾರ ಮತ್ತೆ ಹೋದೆ. ಆಂಜನಮ್ಮ ಮನೆಯಲ್ಲಿರಲಿಲ್ಲ. ಬ್ಯಾಗಿನಿಂದ ಕಟಿಂಗ್ ಪೇಪರಿನ ತುಂಡು ತೆಗೆದು ಮುಚ್ಚಳಕ್ಕೆ ಸಿಕ್ಕಿಸಿ ಎಳೆದೆ. ಎಲ್ಲ ಕಡೆ ಬಿಗಿಯಾಗಿತ್ತು. ಎಡ ಮೂಲೆಯಲ್ಲಿ ಮಾತ್ರ ಸುಲಭವಾಗಿ ಜಾರಿ ಬಂತು.

"ನೋಡಿ. ಇಲ್ಲಿ ರಬ್ಬರ್ ಕೂರ್ತಿಲ್ಲ. ಹೊರಗಿನ ಗಾಳಿ ಒಳಗ್ಹೋಗಿ ಐಸ್ ಆಗ್ತಿದೆ. ಇದು ಯಾರ ಕೈನೂ ಅಲ್ಲ."

"ಗೊತ್ತು," ಎಂದರು.

ಸಜ್ಜೆಯ ಮೇಲಿಂದ ಒಂದು ಸುರುಳಿ ಇಳಿಸಿದರು. ಹೊಸ ರಬ್ಬರ್. ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೆಲ್ಲ ಧೂಳು.

"ಯಾವಾಗ್ಲೋ ತಂದಿದ್ದೆ. ಹಾಕಿದ್ರೆ ಅವ್ಳು ಇನ್ನು ಬರಲ್ವಲ್ಲ ಅಂತ..." ಎಂದು ಆ ಧೂಳನ್ನು ಬೆರಳಿನಿಂದ ಒರೆಸಿದರು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಹಂಗಾದ್ರೆ ಬೇಡ ಬಿಡಿ. ನಾನೇ ಹೋಗ್ತೀನಿ."

ಅವರು ಬಗ್ಗಿ ಪ್ಲಗ್ ಕಿತ್ತರು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ನನ್ನ ಬಳೆಯ ಸದ್ದಿಗೆ ನಾನೇ ಬೆಚ್ಚಿದೆ.

ಪ್ಯಾಕೆಟ್‌ಗಳನ್ನು ಥರ್ಮಾಕೋಲ್ ಡಬ್ಬಕ್ಕೆ ತುಂಬಿದೆವು. ಹಳೇ ರಬ್ಬರ್ ಕಿತ್ತು, ಹೊಸದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸುತ್ತಲೂ ಒತ್ತುತ್ತ ಬಂದೆವು. ನನ್ನ ಬೆರಳು ಮುಂದೆ, ಅವರ ಬೆರಳು ಹಿಂದೆ.

"ಬೇಗ ಬೇಗ ಹೋಗ್ತೀರಾ ರೀ."

"ಹಿಡಿಯೋಕೆ ಬನ್ನಿ ಮತ್ತೆ."

ಕಿವಿ ಮತ್ತೆ ಕೆಂಪಾಯಿತು. ಅಷ್ಟರಲ್ಲಿ ಮೂಲೆಯ ಮಂಜು ಟಪ್ಪೆಂದು ಬಿಟ್ಟಿತು. ನಾನು ಅಂಗೈ ಒಡ್ಡಿದೆ. ಐದೂ ಬೆರಳು ಮುರಿಯದೆ ನನ್ನ ಕೈಗೆ ಬಂದು ಕೂತವು.

ಏಪ್ರಿಲ್ ಸೆಖೆ. ಪೆಟ್ಟಿಗೆಯ ಒಳಗೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಮಾತ್ರ ಕರಗಲಿಲ್ಲ. ಕೈ ಕೊಡವಿದೆ, ಬೀಳಲಿಲ್ಲ. ಅದೇ ನನ್ನ ಕೈ ಹಿಡಿದುಕೊಂಡಿತ್ತು ಎಂದರೆ ನೀವು ನಂಬುವುದಿಲ್ಲ.

ಮುನಿರಾಜು ಬಿಳಿಚಿಕೊಂಡರು. "ಏನಂತಾಳೆ? ಒಪ್ಪಿದ್ಲಾ?"

"ಅವರನ್ನ ಕೇಳಿದ್ದು ಸಾಕು. ನನ್ನನ್ನ ಯಾವತ್ತಾದ್ರೂ ಕೇಳಿದೀರಾ?"

ಅವರು ಮೊದಲ ಸಲ ಕಣ್ಣು ತಪ್ಪಿಸದೆ ನನ್ನನ್ನು ನೋಡಿದರು.

"ಆದಿಲಕ್ಷ್ಮಿ, ನಂಗೆ ನೀವು ಬೇಕು. ಅವ್ಳು ಬೇಡ ಅಂದ್ರೂ ಬೇಕು. ನನ್ನ ಮದುವೆ ಆಗ್ತೀರಾ?"

ಕೈಯಲ್ಲಿದ್ದದ್ದು ಇನ್ನಷ್ಟು ಬಿಗಿಯಾಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು.

"ಆಗ್ತೀನಿ," ಎಂದೆ. ಆಮೇಲೆ ನನ್ನ ಅಂಗೈಯನ್ನೇ ನೋಡಿಕೊಂಡು, "ಅಕ್ಕಾ, ನಾನು ನೋಡ್ಕೋತೀನಿ ಇವ್ರನ್ನ," ಎಂದೆ.

ಹಿಡಿತ ಸಡಿಲವಾಯಿತು. ಮೊದಲು ಕಿರುಬೆರಳು ಕರಗಿತು, ಆಮೇಲೆ ಒಂದೊಂದಾಗಿ ಉಳಿದವು. ನೀರು ಮೊಣಕೈವರೆಗೂ ಹರಿದು ಇಳಿಯಿತು. ಅದು ಬೆಚ್ಚಗಿತ್ತು.