ಎರಡನೇ ಕೀ

"ನನ್ನ ತಮ್ಮನಿಗೆ ಗಾಂಜಾ ಕೊಡೋದು ನೀವೇ ಅಲ್ವೇನ್ರೀ?!"

ಕೀ ಉಜ್ಜುತ್ತಿದ್ದ ಬೀಗದಂಗಡಿಯವನ ಕೈ ನಿಂತಿತು. ಎದುರಿಗಿದ್ದವಳು ಶಾಲೆಯ ಟೀಚರ್. ಮೂವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸುವ ಆ ಕಣ್ಣಲ್ಲಿ ಇವತ್ತು ನೀರು ತುಂಬಿತ್ತು.

"ನಾನು ಬೀಗ ಮಾರೋನು ಟೀಚರ್..."

"ಒಂದೇ ತಿಂಗಳಲ್ಲಿ ನಾಲ್ಕು ಬೀಗ ಯಾರಿಗೆ ಬೇಕ್ರೀ? ಬೀಗ ಬರೀ ನೆಪ! ಇಲ್ಲಿಂದ ಬಂದು ರೂಮು ಸೇರಿದ್ರೆ ಬರೀ ಹೊಗೆ!"

ಅವನು ತಲೆ ತಗ್ಗಿಸಿದ. ತಪ್ಪೊಪ್ಪಿಕೊಂಡ ಎಂದು ಅವಳು ತೀರ್ಮಾನಿಸಿಯೇ ಬಿಟ್ಟಳು. ಟೀಚರಮ್ಮನಿಗೆ ಸುಮ್ಮನಿದ್ದವರ ಮೇಲೇ ಅನುಮಾನ, ಏನು ಮಾಡೋದು!

ಮನೆಯಲ್ಲಿ ಅಮ್ಮನದು ಒಂದೇ ಮಾತು. "ಯಾರಿಗೂ ಹೇಳ್ಬೇಡ್ವೇ. ವಯಸ್ಸಿನ ಹುಡುಗ, ಸರಿ ಹೋಗ್ತಾನೆ."

ಸರಿ ಹೋಗಲಿಲ್ಲ. ಕಾಲೇಜು ಬಿಟ್ಟ. ಯಾರೋ ತನ್ನ ಯೋಚನೆ ಕದಿಯುತ್ತಿದ್ದಾರೆ ಎಂದ. ಒಂದು ದಿನ ಊಟದ ತಟ್ಟೆ ಮೂಸಿ ನೋಡಿ ಅವಳ ಕಡೆ ತಳ್ಳಿದ. "ಮೊದ್ಲು ನೀನು ತಿನ್ನು."

ಅವಳೇ ಎತ್ತಿ ಆಡಿಸಿದ ತಮ್ಮ!

ಎರಡು ವಾರ ಕಳೆದ ಮೇಲೆ ಒಂದು ದಿನ, ಮಧ್ಯಾಹ್ನವಾದರೂ ರೂಮಿನಿಂದ ಸದ್ದಿಲ್ಲ. ಬಡಿದರು, ಕೂಗಿದರು. ಅಮ್ಮ ಬಾಗಿಲ ಮುಂದೆ ಕುಸಿದಳು. ಮಗಳು ಬರಿಗಾಲಲ್ಲೇ ಬೀಗದಂಗಡಿಗೆ ಓಡಿದಳು. ಬೈದ ಬಾಯಲ್ಲೇ ಬೇಡಬೇಕಲ್ಲ...

"ಬಾಗಿಲು ಒಡೀಬೇಕು... ಬೇಗ..."

"ಒಡೆಯೋದು ಬೇಡ ಟೀಚರ್."

ಗೋಡೆಯ ಮೊಳೆಯಿಂದ ಅವನು ನಾಲ್ಕು ಕೀ ತೆಗೆದುಕೊಂಡ. ಇಬ್ಬರೂ ಓಡಿದರು.

"ಬೀಗಕ್ಕೆ ಎರಡು ಕೀ ಬರುತ್ತೆ. ನಿಮ್ಮ ತಮ್ಮ ಬೀಗ ಬದಲಿಸಿದಾಗಲೆಲ್ಲ ಒಂದೇ ಕೊಟ್ಟು ಇನ್ನೊಂದು ಇಟ್ಕೊಂಡೆ. ಹೊರಗಿಂದ ಯಾರಿಗೂ ತೆಗೆಯೋಕಾಗದ ಬೀಗ ಕೊಡಿ ಅಂತಿದ್ದ. ನನ್ನ ತಮ್ಮನೂ ಅದನ್ನೇ ಕೇಳಿದ್ದ. ಅವನಿಗೆ ಎರಡೂ ಕೀ ಕೊಟ್ಟಿದ್ದೆ... ನಾವು ಬಾಗಿಲು ಒಡೆಯೋಷ್ಟರಲ್ಲಿ ತಡವಾಗಿತ್ತು."

"ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಅವನು ಬೇರೆ ಅಂಗಡಿಗೆ ಹೋಗ್ತಿದ್ದ."

ಮೂರು ಕೀ ಹೊಂದಲಿಲ್ಲ. ನಾಲ್ಕನೇ ಕೀ ತಿರುಗಿತು.

ತಮ್ಮ ಬದುಕಿದ್ದ! ಮಂಚದ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತಿದ್ದ. ಅಕ್ಕನನ್ನೇ ದಿಟ್ಟಿಸಿದ.

"ನೀನೇ ಅಲ್ವಾ ನನ್ನ ಯೋಚನೆ ಕದಿಯೋರಿಗೆ ಕೀ ಕೊಟ್ಟಿದ್ದು?"

ಆಸ್ಪತ್ರೆಯಲ್ಲಿ ಡಾಕ್ಟರ್ ಸುಳ್ಳು ಹೇಳಲಿಲ್ಲ. ಗಾಂಜಾ ಬಿಟ್ಟರೂ ಕಾಯಿಲೆ ಬಿಡುತ್ತದೆಂಬ ಭರವಸೆ ಇಲ್ಲ ಎಂದರು. ಎರಡು ತಿಂಗಳಿಗೆ ಅವನು ಮನೆಗೆ ಬಂದ. ಈಗ ಸೇದುವುದಿಲ್ಲ. ನಗುವುದೂ ಇಲ್ಲ. ಅವಳನ್ನು ಅಕ್ಕಾ ಎಂದು ಕರೆಯುವುದೂ ಇಲ್ಲ.

ಅವನು ಮನೆಗೆ ಬಂದ ದಿನವೇ ಬೀಗದವನು ಬಂದು ರೂಮಿನ ಬೀಗ ಬಿಚ್ಚಿದ. ಬಾಗಿಲಲ್ಲಿ ತೂತು ಉಳಿಯಿತು. ಒಳಗೆ ತಮ್ಮ ಮಲಗಿದ್ದ.

"ಇದನ್ನ ಮುಚ್ಚಲಾ?"

"ಬೇಡ. ಕಿವಿ ಇಟ್ರೆ ಅವನ ಉಸಿರು ಕೇಳ್ಸುತ್ತೆ... ನಂಗೆ ಉಳಿದಿರೋದು ಅಷ್ಟೇ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ನೀವು ಬೈದ ದಿನದಿಂದ ನೀವಂದ್ರೆ ನಂಗಿಷ್ಟ, ಟೀಚರ್. ನನ್ನ ತಮ್ಮನಿಗೋಸ್ಕರ ಯಾರೂ ಹಾಗೆ ಬೀದಿಗೆ ಬಂದು ಜಗಳ ಆಡಿರ್ಲಿಲ್ಲ. ನಾನೂ ಆಡಿರ್ಲಿಲ್ಲ."

ಇಂಥ ದಿನವೇ ಈ ಮಾತು ಬರಬೇಕಿತ್ತೇ?

"ನಂಗೂ ಇಷ್ಟ ರೀ... ಆದ್ರೆ ಈ ಮನೇಲಿ ಸಂತೋಷ ಇಲ್ಲ. ನಾಳೆನೂ ಇರಲ್ಲ."

"ಗೊತ್ತು."

ಅವನು ಬಾಗಿಲಿಗೆ ಕಿವಿ ಹಚ್ಚಿ ನೆಲದ ಮೇಲೆ ಕುಳಿತ.

"ನೀವು ಸ್ವಲ್ಪ ಮಲಗಿ. ಉಸಿರು ನಾನು ಕೇಳ್ತಿರ್ತೀನಿ."

"ಏನಾದ್ರೂ ಆದ್ರೆ ಎಬ್ಬಿಸ್ತೀರಾ?"

"ಎಬ್ಬಿಸ್ತೀನಿ."

ಅವಳು ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.